ನೀರಿಗಿಳಿಯುವವರ ಹಿಂದೆ ದಾರಿ ಬಿಡಿ

ಹೊಸದಾಗಿ ಚರ್ಚುಗಳಿಗೆ ಸಭಾಪಾಲಕರಾಗುವ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೇಳಿದರೆ ಸಾಕು, ‘ಬ್ಯಾಪ್ಟಿಸ್ಟ್ ಅಯ್ಯನೋರ ಮನೇನಾ?’ ಎಂದು ಹೂವಿನ ಅಂಗಡಿಯವರೇ ದಾರಿ ತೋರಿಸುತ್ತಾರಂತೆ. ಬಂದವರ ಪ್ರಶ್ನೆಗಳೆಲ್ಲ ಒಂದೇ ತರಹ. ಪ್ರಸಂಗ ಹೇಗೆ ತಯಾರು ಮಾಡಬೇಕು, ಜನ ಹೆಚ್ಚು ಬರಲು ಏನು ಮಾಡಬೇಕು, ಮೈಕು ಯಾವುದು ಒಳ್ಳೆಯದು. ನನಗೆ ನಗು ಬರುತ್ತದೆ. ಪ್ರಸಂಗ, ಅಂದರೆ ಬೋಧನೆ, ಭಾನುವಾರ ಒಂದು ಹೊತ್ತಿನ ಕೆಲಸ. ವಾರದ ಉಳಿದ ದಿನಗಳಲ್ಲಿ ಸಭಾಪಾಲಕ ಮಾಡಬೇಕಾದ ದೊಡ್ಡ ಕೆಲಸವೆಂದರೆ ಬಾಯಿ ಮುಚ್ಚಿಕೊಂಡಿರುವುದು. ಅದನ್ನು ಯಾವ ಬೈಬಲ್ ಶಾಲೆಯಲ್ಲೂ ಕಲಿಸುವುದಿಲ್ಲ. ನನಗೆ ಕಲಿಸಿದವರು ಇಬ್ಬರು. ಒಬ್ಬರು ನನಗಿಂತ ಮುಂಚೆ ಈ ಸಭೆ ನಡೆಸಿದ ದೇವಪ್ರಿಯ ಅಯ್ಯನವರು. ಇನ್ನೊಬ್ಬರು ನನ್ನ ಹೆಂಡತಿ ವಿಮಲ.

ನಮ್ಮದು ಸಣ್ಣ ಸಭೆ. ಶಿಕಾರಿಪುರದಲ್ಲಿ ಹೆಂಚಿನ ಪ್ರಾರ್ಥನಾ ಮಂದಿರ, ಸೊರಬದಲ್ಲಿ ಒಬ್ಬರ ಮನೆಯ ಜಗುಲಿ. ತಲೆಮಾರುಗಳಿಂದ ಕ್ರೈಸ್ತರಾಗಿದ್ದ ಕೆಲವು ಕುಟುಂಬಗಳು, ವರ್ಗವಾಗಿ ಬಂದ ನರ್ಸುಗಳು, ಮೇಷ್ಟ್ರುಗಳು, ಇಷ್ಟೇ ಜನ. ಬೆಳಿಗ್ಗೆ ಇಲ್ಲಿ ಆರಾಧನೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಹೋಗುವುದು ನನ್ನ ಆಗಿನ ಭಾನುವಾರ. ಬಸ್ಸಿನಲ್ಲಿ ಜಾಗ ಸಿಗದ ದಿನ ಬಾನೆಟ್ ಮೇಲೆ ಕೂತು ಪ್ರಸಂಗದ ಎರಡನೇ ಭಾಗ ನೆನಪು ಮಾಡಿಕೊಳ್ಳುತ್ತಿದ್ದೆ. ಇಂಜಿನ್ನಿನ ಸದ್ದಿಗೆ ಅರ್ಧ ಮರೆತೇ ಹೋಗುತ್ತಿತ್ತು. ಅದರಿಂದ ಸೊರಬದವರಿಗೆ ಒಳ್ಳೆಯದೇ ಆಯಿತು.

ನಮ್ಮ ನಂಬಿಕೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ದೇವರು ಎಲ್ಲರನ್ನೂ ಕರೆಯುತ್ತಾನೆ, ಆದರೆ ಯಾರನ್ನೂ ಕೊರಳಪಟ್ಟಿ ಹಿಡಿದು ಎಳೆಯುವುದಿಲ್ಲ. ಬರುವುದು, ಬಾರದಿರುವುದು ಅವರವರ ಇಚ್ಛೆ. ಬಂದ ಮೇಲೆ ಪರಿಶುದ್ಧವಾಗಿ ಬಾಳಬೇಕು, ಮತ್ತು ಬಂದವನು ತನ್ನ ಇಚ್ಛೆಯಿಂದಲೇ ಬಿಟ್ಟುಹೋಗಲೂಬಹುದು. ಅದಕ್ಕೇ ನಾವು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬುದ್ಧಿ ಬಂದವರು ತಾವಾಗಿ ಕೇಳಿದರೆ ಮಾತ್ರ, ಕೆರೆಯಲ್ಲಿ ಪೂರ್ತಿ ಮುಳುಗಿಸುತ್ತೇವೆ. ಹೀಗೆ ಮುಳುಗಿ ಎದ್ದವರಿಗೆ ಮಾತ್ರ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿಯ ತಟ್ಟೆ ಹೋಗುತ್ತದೆ. ಕೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಹೊರಟರೆ ಹೆಜ್ಜೆ ಹೆಜ್ಜೆಗೂ ತೊಡಕು.

ದೇವಪ್ರಿಯ ಅಯ್ಯನವರು ಇದಕ್ಕೊಂದು ಕ್ರಮ ಇಟ್ಟಿದ್ದರು. ಸಭಾಪಾಲಕ ಮೊದಲು ಸೊಂಟದುದ್ದ ನೀರಿಗಿಳಿದು ನಿಲ್ಲಬೇಕು. ದೀಕ್ಷೆ ತೆಗೆದುಕೊಳ್ಳುವವರು ದಡದಿಂದ ಒಬ್ಬರೇ ನಡೆದು ಬರಬೇಕು. ಯಾರೂ ಕೈ ಹಿಡಿಯಬಾರದು. ಅದಕ್ಕಿಂತ ಮುಖ್ಯ, ಅವರ ಹಿಂದೆ ದಡದ ಮೇಲೆ ಯಾರೂ ನಿಲ್ಲಬಾರದು. ನೆಂಟರಿಷ್ಟರೆಲ್ಲ ಎಡಕ್ಕೂ ಬಲಕ್ಕೂ ಸರಿದು ನಡುವೆ ದಾರಿ ಬಿಡಬೇಕು. ನೀರಿನಲ್ಲಿ ನಿಂತವರನ್ನು ಅಯ್ಯನವರು ಕೇಳುತ್ತಿದ್ದ ಕೊನೆಯ ಪ್ರಶ್ನೆ ಇದು: “ಯಾರ ಒತ್ತಾಯಕ್ಕಾದ್ರೂ ಬಂದೀರಾ? ಹಂಗಿದ್ರೆ ಹಿಂದೆ ದಾರಿ ಖಾಲಿ ಐತೆ.”

ನಾನು ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಆ ದಾರಿಯ ಬೆಲೆ ಕಣ್ಣಾರೆ ಕಂಡೆ. ಒಬ್ಬ ಹುಡುಗಿ, ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ದೀಕ್ಷಾಸ್ನಾನ ಆಗಿಬಿಡಲಿ ಎಂದು ಅವಳ ಅಪ್ಪನ ಆಸೆ. ದಡದ ಮೇಲೆ ಕಲ್ಲು ಹೂಡಿ ದೊಡ್ಡ ಹಂಡೆಯಲ್ಲಿ ಬಿರಿಯಾನಿ ಬೇಯುತ್ತಿತ್ತು. ಹುಡುಗಿ ನೀರಿಗೆ ಬಂದಳು, ಅಯ್ಯನವರು ಪ್ರಶ್ನೆ ಕೇಳಿದರು. ಅವಳು ತಲೆ ತಗ್ಗಿಸಿ, “ಅಪ್ಪ ಹೇಳಿದ್ರು ಅಂತ ಬಂದೀನ್ರಿ” ಎಂದಳು. ಅಷ್ಟು ಜನರೆದುರು ನಿಜ ಹೇಳುವುದಕ್ಕೆ ಎಂಥ ಧೈರ್ಯ ಬೇಕು! ಅಯ್ಯನವರು ಒಂದಿಷ್ಟೂ ಮುಖ ಸಿಂಡರಿಸದೆ, “ಚಲೋ ಆತು ಬಿಡವ್ವ. ಹೋಗು, ದಡದ ಮೇಲೆ ಬಿಸಿಲು ಐತೆ, ಮೈ ಒಣಗಿಸ್ಕೋ” ಎಂದರು. ಅಪ್ಪ ಕೆಂಡವಾದ. “ಇಷ್ಟು ಜನಕ್ಕೆ ಊಟ ಮಾಡಿಸೀನಿ ಅಯ್ಯನೋರೆ!” ಎಂದು ದಡದಿಂದಲೇ ಕೂಗಿದ. “ಊಟ ಊಟಾನೇ, ಬಡಿಸ್ರಿ” ಎಂದು ಅಯ್ಯನವರು ನೀರಿನಿಂದಲೇ ಉತ್ತರ ಕೊಟ್ಟರು. ಎಲ್ಲರೂ ಉಂಡರು. ಆ ಹುಡುಗಿಯೂ ಹೊಟ್ಟೆ ತುಂಬ ಉಂಡಳು. ಅವಳು ದೀಕ್ಷೆ ತೆಗೆದುಕೊಂಡದ್ದು ಎರಡು ಮಕ್ಕಳಾದ ಮೇಲೆ, ತಾನಾಗಿಯೇ ಬಂದು.

ಅಯ್ಯನವರು ನಿವೃತ್ತರಾದ ಮೇಲೆ ಕೆಲಸ ನನ್ನ ಹೆಗಲಿಗೆ ಬಂತು. ಮೊದಲ ದೀಕ್ಷಾಸ್ನಾನಕ್ಕೆ ಗುಡವಿಯ ಕೆರೆ ಚೆನ್ನಾಗಿದೆ ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ಎಲ್ಲರನ್ನೂ ಅಲ್ಲಿಗೆ ಹೊರಡಿಸಿಕೊಂಡು ಹೋದೆ. ಮಳೆಗಾಲ ಬೇರೆ. ಅಲ್ಲಿನ ಪಕ್ಷಿಧಾಮದ ಕಾವಲುಗಾರ ನಮ್ಮ ತಬಲ, ಹಾರ್ಮೋನಿಯಂ ನೋಡಿ ಗಾಬರಿಯಾದ. “ಎಂಥದು ಮಾರಾಯ್ರೆ ಇದು! ಹಕ್ಕಿ ಮೊಟ್ಟೆ ಇಟ್ಟಾವೆ ಇಲ್ಲಿ. ನೀವು ಹಾಡಿದ್ರೆ ಎಲ್ಲ ಎದ್ದು ಹೋಗ್ತಾವೆ” ಎಂದ. ನಮ್ಮ ಹಾಡು ಅಷ್ಟು ಕೆಟ್ಟದಾಗಿತ್ತೇ ಎಂದು ನಮ್ಮವರು ಬೇಸರ ಮಾಡಿಕೊಂಡರು. ಅಲ್ಲಿಂದ ವಾಪಸು ಬರುವ ದಾರಿಯಲ್ಲಿ ಸಿಕ್ಕ ಒಂದು ಊರಿನ ಕೆರೆಗೆ ಹಿರಿಯರ ಅನುಮತಿ ಪಡೆದು ಇಳಿದೆ. ಮೂರು ಹೆಜ್ಜೆ ಹಾಕುವಷ್ಟರಲ್ಲಿ ಮೊಣಕಾಲಿನವರೆಗೆ ಹೂಳಿನಲ್ಲಿ ಹೂತುಕೊಂಡೆ. ಎಳೆದಷ್ಟೂ ಒಳಗೆ ಹೋಯಿತು. ಕೊನೆಗೆ ದೀಕ್ಷೆ ತೆಗೆದುಕೊಳ್ಳಲು ಬಂದವರೇ ಹಗ್ಗ ಎಸೆದು ನನ್ನನ್ನು ದಡಕ್ಕೆ ಎಳೆದರು. ಒಂದು ಚಪ್ಪಲಿ ಇನ್ನೂ ಆ ಕೆರೆಯಲ್ಲೇ ಇರಬೇಕು.

ವಿಷಯ ತಿಳಿದ ದೇವಪ್ರಿಯ ಅಯ್ಯನವರು ಬೈಯಲಿಲ್ಲ. “ಹಿಂದಿನ ದಿನ ಬಿದಿರಿನ ಗಳ ಹಿಡ್ಕೊಂಡು ಕೆರೆ ತಳ ನೋಡಿ ಬಾ. ಪ್ರಾರ್ಥನೆ ಮನೀಗೆ ಬಂದು ಮಾಡು” ಎಂದರು ಅಷ್ಟೇ. ಅಂದಿನಿಂದ ನಾನು ಗಳವಿಲ್ಲದೆ ಕೆರೆಗೆ ಹೋದವನಲ್ಲ.

ಅದೇ ವರ್ಷ ಇನ್ನೊಂದು ಪೇಚು. ದೀಕ್ಷೆಗೆ ಹೊಲಿಸಿದ ಬಿಳಿ ನಿಲುವಂಗಿಗಳು ನೀರಿಗಿಳಿದ ಕೂಡಲೇ ಉಬ್ಬಿ ಮೇಲೆ ತೇಲುತ್ತಿದ್ದವು. ಹೆಂಗಸರಿಗಂತೂ ಮುಜುಗರ. ವಿಮಲ ಸೊರಬದ ಸಂತೆಯಲ್ಲಿ ಮೀನಿನ ಬೀಸುಬಲೆ ಮಾರುವವರ ಹತ್ತಿರ ಸೀಸದ ಗುಂಡು ಕೊಂಡು ತಂದು, ನಿಲುವಂಗಿಯ ಅಂಚು ಮಡಿಸಿ ಒಳಗೆ ಸಾಲಾಗಿ ಇಟ್ಟು ಹೊಲಿದಳು. ಬಟ್ಟೆ ನೀರಿನಲ್ಲಿ ಮೈಗಂಟಿ ಕೆಳಗೇ ನಿಂತಿತು. ಅಲ್ಲಿಂದ ಮುಂದೆ ನಮ್ಮ ಸಭೆಯ ನಿಲುವಂಗಿಗಳೆಲ್ಲ ಅವಳ ಕೈಯವೇ. ದೀಕ್ಷೆಯ ದಿನ ದಡದ ಮೇಲೆ ಟವೆಲ್ಲುಗಳ ರಾಶಿ ಹಿಡಿದು ನಿಲ್ಲುವವಳೂ ಅವಳೇ. ಆದರೆ ಅವಳು ಮಾತ್ರ ನೀರಿಗಿಳಿದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಮಲ ಹಾನಗಲ್ ಕಡೆಯವಳು. ಅವಳ ತವರಿನವರ ಸಭೆಯಲ್ಲಿ ಕೂಸಿನ ತಲೆಗೆ ನೀರು ಹಾಕಿ ದೀಕ್ಷೆ ಕೊಡುವ ಪದ್ಧತಿ. ಮದುವೆಯಾದ ಹೊಸತರಲ್ಲೇ ಅವಳು ನನಗೆ ಸ್ಪಷ್ಟವಾಗಿ ಹೇಳಿದ್ದಳು. “ನಮ್ಮಪ್ಪ ನನ್ನ ಎತ್ತಿಕೊಂಡು ಹೋಗಿ ನೀರು ಹಾಕಿಸ್ಯಾನ. ಇನ್ನೊಮ್ಮೆ ಮುಳುಗಿದ್ರ ಅಪ್ಪ ಮಾಡಿದ್ದು ಸುಳ್ಳು ಅಂದಂಗ ಆಗತೈತಿ. ನಾ ಹಂಗ ಅನ್ನಂಗಿಲ್ರಿ.” ನಾನು ಸರಿ ಎಂದೆ. ಬೇರೇನು ಹೇಳಲಿ? ಇಚ್ಛೆ ಇಚ್ಛೆ ಎಂದು ಊರಿಗೆಲ್ಲ ಸಾರುವವನು ಮನೆಯಲ್ಲಿ ಹೆಂಡತಿಯ ತಲೆ ತಿನ್ನುವುದಕ್ಕಾಗುತ್ತದೆಯೇ? ಆದರೆ ಸಭೆಯ ಕ್ರಮ ಕ್ರಮವೇ. ತಿಂಗಳ ಮೊದಲ ಭಾನುವಾರ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಗುವಾಗ ವಿಮಲ ಹಿಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿರುತ್ತಿದ್ದಳು. ತಟ್ಟೆ ಅವಳ ಮುಂದಿನ ಬೆಂಚಿಗೇ ನಿಂತು ತಿರುಗಿ ಬರುತ್ತಿತ್ತು. ಆ ರೊಟ್ಟಿ ಸುಟ್ಟವಳು ಅವಳೇ. ಮುಂದೆ ನಿಂತು ತಟ್ಟೆ ಕೊಟ್ಟು ಕಳಿಸುವವನು ನಾನು. ಆ ಕೆಲವು ನಿಮಿಷ ಪ್ರತಿ ತಿಂಗಳೂ ನಾನು ಹಿಂದಿನ ಬೆಂಚಿನ ಕಡೆ ನೋಡದೆ ಬೈಬಲ್ಲಿನ ಪುಟ ತಿರುವುತ್ತಿದ್ದೆ. ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ, ಆಗಲೇ ಇಲ್ಲ.

ಆ ಹಿಂದಿನ ಬೆಂಚಿನಲ್ಲಿ ಕೆಲವು ಕಾಲ ಅವಳಿಗೆ ಜೊತೆಗಾರನೊಬ್ಬ ಸಿಕ್ಕಿದ. ಸೊರಬದ ಯೋಹಾನಪ್ಪ, ಲಾರಿ ಓಡಿಸುತ್ತಿದ್ದ, ನಮ್ಮ ಸಭೆಯ ಹಿರಿಯರಲ್ಲಿ ಒಬ್ಬ, ದನಿ ಎತ್ತಿದರೆ ಹೆಂಚು ಅದುರುವ ಹಾಡುಗಾರ. ಒಮ್ಮೆ ದೊಡ್ಡ ಊರಿನಿಂದ ಬಂದ ಬೋಧಕರೊಬ್ಬರು ಸೊರಬದಲ್ಲಿ, ಒಮ್ಮೆ ರಕ್ಷಣೆ, ಅಂದರೆ ಮುಕ್ತಿ, ಹೊಂದಿದವನು ಏನು ಮಾಡಿದರೂ ಅದನ್ನು ಕಳೆದುಕೊಳ್ಳುವುದಿಲ್ಲ ಎಂದು ಜೋರಾಗಿ ಪ್ರಸಂಗ ಮಾಡಿಹೋದರು. ಯೋಹಾನಪ್ಪನಿಗೆ ಅದು ಬಹಳ ಹಿಡಿಸಿತು. ಬಿಟ್ಟಿದ್ದ ಕುಡಿತ ಮತ್ತೆ ಹಿಡಿದ. ಸಾರಾಯಿ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಅದೇ ಪ್ರಸಂಗವನ್ನು ಬೋಧಕರಿಗಿಂತ ಚೆನ್ನಾಗಿ ಮಾಡತೊಡಗಿದ.

ನಾನು ಹುಡುಕಿಕೊಂಡು ಹೋದಾಗ, “ಎಂಥಕ್ಕೆ ತಲೆಬಿಸಿ ಮಾಡ್ಕಳ್ತೀರಿ ಅಯ್ಯನೋರೆ, ನನ್ನ ಸೀಟು ಮ್ಯಾಲೆ ರಿಜರ್ವ್ ಆಗೈತೆ” ಎಂದು ನಕ್ಕ.

“ರಿಜರ್ವ್ ಆಗಿರೋ ಬಸ್ಸಿಂದ ನೀನಾಗೇ ಇಳಿದು ಹೋದ್ರೆ ಕಂಡಕ್ಟರ್ ಏನು ಮಾಡ್ತಾನೋ? ನಮ್ಮ ನಂಬಿಕೇಲಿ ಹತ್ತೋದೂ ನಿನ್ನಿಷ್ಟ, ಇಳಿಯೋದೂ ನಿನ್ನಿಷ್ಟ. ಇಳಿದಿದ್ದೀಯ ಅಂತ ಮಾತ್ರ ನಾನು ಹೇಳಬೇಕು, ಹೇಳಿದೆ” ಎಂದೆ. ಎಳೆದುಕೊಂಡು ಬರಲಿಲ್ಲ. ಸಭೆ ಸೇರಿ ಅವನಿಗೆ ರೊಟ್ಟಿ ನಿಲ್ಲಿಸಿತು. ಅವನ ಹೆಂಡತಿ, ಏನಾದರೂ ಮಾಡಿ ಅಯ್ಯನೋರೆ ಎಂದು ಅತ್ತಾಗ ನನಗೂ ಅಳು ಬಂತು. ಪ್ರತಿ ವಾರ ಅವನ ಮನೆಗೆ ಹೋಗಿ ಚಹಾ ಕುಡಿದು, ಲಾರಿಯ ವಿಷಯ ಮಾತಾಡಿ ಬರುತ್ತಿದ್ದೆ. ಕುಡಿತದ ಮಾತು ಎತ್ತಲಿಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ನಾನೇನು ಹೇಳಲಿ?

ಮುಂದೊಂದು ದಿನ ಅವನೇ ಶಿಕಾರಿಪುರದ ಮಂದಿರಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ವಿಮಲ. ತಟ್ಟೆ ಮುಂದಿನ ಸಾಲಿನಿಂದಲೇ ತಿರುಗಿಹೋಯಿತು. ಅವನು ಮೆಲ್ಲಗೆ, “ಅಮ್ಮನೋರೆ, ನಾನು ಕುಡ್ದು ಇಲ್ಲಿಗೆ ಬಂದೆ. ನೀವು ಎಂಥ ಮಾಡಿ ಬಂದ್ರಿ?” ಎಂದು ಕೇಳಿದನಂತೆ.

“ನಾ ಇನ್ನೂ ವಿಚಾರ ಮಾಡಾಕತ್ತೀನಿ ಯೋಹಾನಪ್ಪ” ಎಂದಳಂತೆ ವಿಮಲ.

“ಹಂಗಾರೆ ನಾನೂ ಮಾಡ್ತೀನಿ” ಎಂದು ಅವನೂ ಕೈ ಕಟ್ಟಿ ಕೂತ. ಅವನ ವಿಚಾರ ಬೇಗ ಮುಗಿಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಕುಡಿತ ಬಿಟ್ಟು, ಸಭೆಯೆದುರು ನಿಂತು ಒಪ್ಪಿಕೊಂಡು ಮುಂದಿನ ಬೆಂಚಿಗೆ ಹೋದ. ಹಿಂದಿನ ಬೆಂಚಿನಲ್ಲಿ ವಿಮಲ ಮತ್ತೆ ಒಬ್ಬಳೇ ಉಳಿದಳು.

ಮೇಲಿನವರ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನಮ್ಮ ಮಿಷನ್ನಿಗೆ ಹೊಸದಾಗಿ ಬಂದ ಮೇಲ್ವಿಚಾರಕರು ಒಂದು ಭಾನುವಾರ ತಪಾಸಣೆಗೆ ಬಂದರು. ಶಿಸ್ತಿನ ಮನುಷ್ಯ, ಕೆಟ್ಟವರೇನಲ್ಲ. ತಟ್ಟೆ ನನ್ನ ಹೆಂಡತಿಯನ್ನು ಮುಟ್ಟದೆ ತಿರುಗಿದ್ದನ್ನು ನೋಡಿದರು. ಆರಾಧನೆ ಮುಗಿದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕೇಳಿದರು.

“ಸ್ವಂತ ಹೆಂಡತಿಯನ್ನೇ ನೀರಿಗಿಳಿಸೋಕಾಗದವರು ಬೇರೆಯವರಿಗೆ ಏನು ಬೋಧನೆ ಮಾಡ್ತೀರ್ರೀ?”

“ಇಳಿಸೋದು ನಮ್ಮ ಪದ್ಧತಿ ಅಲ್ಲವಲ್ಲ ಸಾರ್, ಇಳಿಯೋದು” ಎಂದೆ.

“ಮಾತಿನ ಚಾತುರ್ಯ ಬೇಡ. ಕ್ರಿಸ್ಮಸ್ ಒಳಗೆ ಅವರ ದೀಕ್ಷಾಸ್ನಾನ ಆಗಬೇಕು. ಇಲ್ಲದಿದ್ರೆ ನೀವು ಈ ಕೆಲಸ ಬಿಡಬೇಕಾಗುತ್ತೆ. ಹೆಂಡತಿಗೆ ಒಂದು ಮಾತು ಹೇಳೋಕೆ ನಿಮಗೇನು ಕಷ್ಟ?”

ವಿಮಲ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇರೆ ಮನೆಯೂ ಇರಲಿಲ್ಲ. ಆದರೂ ಹೇಳಿದೆ: “ಕೆಲಸ ಬಿಡು ಅಂದ್ರೆ ಬಿಡ್ತೀನಿ ಸಾರ್. ಅವಳಿಗೆ ಆ ಮಾತು ನಾನು ಹೇಳೋದಿಲ್ಲ. ಹೇಳಿದ್ರೆ ಆಮೇಲೆ ನೀರಿನಲ್ಲಿ ನಿಂತು ಆ ಕೊನೇ ಪ್ರಶ್ನೆ ಯಾವ ಬಾಯಲ್ಲಿ ಕೇಳಲಿ?”

ಅವರು ಕಾಫಿ ಕುಡಿಯದೆ ಹೋದರು. ಕ್ರಿಸ್ಮಸ್ಸಿಗೆ ಇನ್ನೂ ಕೆಲವು ತಿಂಗಳಿದ್ದವು. ಮನೆಯಲ್ಲಿ ಅವಳೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾರಿಗೆ ಉಪ್ಪು ಸಾಕೇ, ಬಸ್ಸು ಎಷ್ಟೊತ್ತಿಗೆ, ಇಂಥ ಮಾತುಗಳಲ್ಲೇ ದಿನ ದೂಡಿದೆವು. ಕ್ರಿಸ್ಮಸ್ಸಿಗೆ ಮುಂಚೆ ಸಭೆ ಸೇರಿತು. ಸಭಾಪಾಲಕನನ್ನು ಇಟ್ಟುಕೊಳ್ಳುವುದು, ಬಿಡುವುದು ಸಭೆಯ ಜನರ ಕೈಯಲ್ಲಿದೆ, ಇದೂ ನಮ್ಮ ಬ್ಯಾಪ್ಟಿಸ್ಟರ ಹಳೆಯ ಹಕ್ಕು. ನಾವಿಬ್ಬರೂ ಹೊರಗೆ ಮಾವಿನ ಮರದ ಕೆಳಗೆ ಕೂತಿದ್ದೆವು. ಒಳಗಿನಿಂದ ಯೋಹಾನಪ್ಪನ ದನಿ ಕೇಳಿಸಿತು: “ನನ್ನ ಎಳಿಲಿಲ್ಲ ಇವ್ರು, ಅದಕ್ಕೇ ನಾನು ಬಂದಿದ್ದು. ಅಮ್ಮನೋರನ್ನ ಎಳೀರಿ ಅಂತ ಹೆಂಗೆ ಹೇಳೂದು?” ಕೈ ಎತ್ತಿ ಎಲ್ಲರೂ ನನ್ನನ್ನು ಉಳಿಸಿಕೊಂಡರು. ಮೇಲ್ವಿಚಾರಕರೂ ಸಭೆಯ ಮಾತಿಗೆ ತಲೆಬಾಗಿದರು, ಅದು ಅವರ ದೊಡ್ಡತನ.

ಆಮೇಲೆ ಕಾಲ ಬದಲಾಯಿತು. ಮಂದಿರದ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿದರು. ಅದಕ್ಕೆ ಮೆಟ್ಟಿಲು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಚಳಿಗೆ ಬಿಸಿನೀರು. ಹೂಳಿನ ಭಯ ಹೋಯಿತು, ನನ್ನ ಗಳ ಅಟ್ಟ ಸೇರಿತು. ಅನುಕೂಲವೇನೋ ಹೌದು. ಆದರೆ ತೊಟ್ಟಿಯ ಹಿಂದೆ ಗೋಡೆ, ಅಲ್ಲಿ ದಾರಿ ಬಿಡುವುದು ಹೇಗೆ? ಮೆಟ್ಟಿಲ ಮೇಲೆ ಮೊಬೈಲು ಹಿಡಿದ ನೆಂಟರು ಒತ್ತಾಗಿ ನಿಂತಿರುತ್ತಾರೆ. ಹಿಂದಿರುಗಬೇಕೆಂದರೂ ಪಾಪ, ಫೋಟೋ ಹಾಳಾಗುತ್ತದೆ. ಮುದುಕರ ಗೊಣಗಾಟ ಎಂದುಕೊಳ್ಳಿ, ಕೆರೆಯ ಗಾಳಿ ನನಗೆ ಇಂದಿಗೂ ನೆನಪಾಗುತ್ತದೆ.

ನಾನು ನಿವೃತ್ತನಾದೆ. ಕಿರಣ ಎಂಬ ಯುವಕನನ್ನು ಸಭೆ ಆರಿಸಿಕೊಂಡಿತು. ಮೊದಲ ಬಾರಿಗೆ ನಾನು ಹಿಂದಿನ ಬೆಂಚಿನಲ್ಲಿ ವಿಮಲಳ ಪಕ್ಕ ಕೂತೆ. ತಟ್ಟೆ ಬಂತು, ನಾನು ತೆಗೆದುಕೊಂಡೆ, ಅವಳನ್ನು ದಾಟಿಸಿ ಆಚೆ ಕೊಟ್ಟೆ. ಮುಂದೆ ನಿಂತು ಕಳಿಸುವುದಕ್ಕಿಂತ ಇದು ಕಷ್ಟವಾಗಿತ್ತು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಅವಳು, “ಕಿರಣಗ ಹೇಳಿ ಬಂದೀನಿ. ಬರೋ ಭಾನುವಾರ ನಂದು ದೀಕ್ಷಾಸ್ನಾನ. ತೊಟ್ಯಾಗಲ್ಲ, ಕೆರ್‍ಯಾಗ” ಎಂದಳು, ಅಕ್ಕಿ ತರಬೇಕು ಎನ್ನುವಷ್ಟು ಸಹಜವಾಗಿ.

“ಯಾವಾಗ ಮನಸ್ಸಾಯ್ತು?” ಎಂದೆ.

“ಆ ದೊಡ್ಡ ಸಾಹೇಬ್ರು ಬಂದಿದ್ರಲ್ರೀ, ಆವಾಗ. ಅವಳಿಗೆ ಹೇಳೋದಿಲ್ಲ ಅಂದ್ರಲ್ಲ ನೀವು, ಅವತ್ತ ಅಪ್ಪನ ವಿಚಾರ ಮಾಡಿದೆ. ಅಪ್ಪ ಮಾಡಿಸಿದ್ದು ಸುಳ್ಳಲ್ಲ. ಆದ್ರ ಅದು ಅಪ್ಪ ಮಾಡಿಸಿದ್ದು. ನಾ ಮಾಡೋದು ಬಾಕಿ ಐತಿ ಅನ್ನಿಸ್ತು.”

“ಅವತ್ತೇ ಅನ್ನಿಸಿತ್ತಾ? ಮತ್ತೆ ಇಷ್ಟು ವರ್ಷ...”

“ಅವತ್ತು ಇಳಿದಿದ್ರ ನೀರಿಗೆ ನಾ ಬರತಿದ್ನೇನ್ರೀ? ನಿಮ್ಮ ಕೆಲಸ ಉಳಿಸಾಕ ಬಂದಾಳ ಅಂತಿದ್ರು ಮಂದಿ. ಆಮ್ಯಾಲೂ ಅಷ್ಟ, ಎಂದ ಇಳಿದ್ರೂ ಅಯ್ಯನೋರ ಹೆಂಡ್ತಿ ಅಂತ ಇಳಿದ್ಲು ಅಂತಿದ್ರು. ನಂಗೂ ಅದು ಹೌದೋ ಅಲ್ಲೋ ಗೊತ್ತಾಗತಿರಲಿಲ್ಲ. ಈಗ ನೀವು ಅಯ್ಯನೋರಲ್ಲ. ಈಗ ಹೋದ್ರ ನಾನ ಹೋದಂಗ.”

ಅಷ್ಟು ವರ್ಷ ನಾನು ನನ್ನ ನಂಬಿಕೆಗೆ ಗಟ್ಟಿಯಾಗಿ ನಿಂತೆ ಎಂದುಕೊಂಡಿದ್ದೆ. ನನಗಿಂತ ಗಟ್ಟಿಯಾಗಿ ನಿಂತವಳು ರೊಟ್ಟಿಯಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ನನಗೆ ಅವಳ ಮೇಲೆ ಹೆಮ್ಮೆ, ಕಳೆದುಹೋದ ಅಷ್ಟೂ ಭಾನುವಾರಗಳ ಮೇಲೆ ದುಃಖ, ಎರಡೂ ಒಟ್ಟಿಗೆ ಬಂದು ಚಹಾ ಲೋಟ ಕೈಯಲ್ಲೇ ಆರಿಹೋಯಿತು.

ಶನಿವಾರ ಅಟ್ಟದಿಂದ ಗಳ ಇಳಿಸಿಕೊಂಡು ಹೋಗಿ ಕೆರೆಯ ತಳವನ್ನು ಅಡಿ ಅಡಿಯೂ ಚುಚ್ಚಿ ನೋಡಿ ಬಂದೆ. ಭಾನುವಾರ ಅವಳು ಟ್ರಂಕಿನ ತಳದಿಂದ ಒಂದು ನಿಲುವಂಗಿ ತೆಗೆದಳು. ಮಡಿಕೆಯ ಗೆರೆಗಳಲ್ಲಿ ಬಟ್ಟೆ ಹಳದಿಯಾಗಿತ್ತು. ಅಂಚಿನಲ್ಲಿ ಸೀಸದ ಗುಂಡು ಸಾಲಾಗಿ ಇದ್ದವು. ಯಾವಾಗ ಹೊಲಿದದ್ದೆಂದು ನಾನು ಕೇಳಲಿಲ್ಲ. ಬಟ್ಟೆಯೇ ಹೇಳುತ್ತಿತ್ತು.

ಕೆರೆಯ ದಡದಲ್ಲಿ ಸಭೆಯವರೆಲ್ಲ ಸೇರಿದ್ದರು. ಯೋಹಾನಪ್ಪ ಮುದುಕನಾಗಿದ್ದರೂ ಹಾಡಿಗೆ ಗಂಟಲು ಹಾಗೇ ಇತ್ತು. ಕಿರಣ ನೀರಿಗಿಳಿದು ನಿಂತ. ವಿಮಲ ಅಂಚಿಗೆ ಬಂದು ನಿಂತಳು. ನಾನು ಟವೆಲ್ ಹಿಡಿದು ಅವಳ ಬೆನ್ನಿಗೇ ನಿಂತಿದ್ದೆ, ಜಾರಿದರೆ ಎಂಬ ಭಯ. ಕಿರಣ ನನ್ನ ಕಡೆ ನೋಡಿದ, ಹಿರಿಯರಿಗೆ ಹೇಗೆ ಹೇಳುವುದೆಂದು ತೋಚದೆ ವಿಮಲಳತ್ತ ಕಣ್ಣು ಹಾಯಿಸಿದ. ವಿಮಲಳೇ ತಿರುಗಿದಳು.

“ಸರೀರಿ ಅತ್ತಾಗ. ದಾರಿ ಬಿಡ್ರಿ.”

ಸರಿದು ನಿಂತೆ. ಅವಳು ಒಂದು ಕೈಯಲ್ಲಿ ನಿಲುವಂಗಿ ಹಿಡಿದು, ತಳ ನೋಡಿಕೊಂಡು, ಒಬ್ಬಳೇ ನಡೆದು ಹೋದಳು. ಬಟ್ಟೆ ತೇಲಲಿಲ್ಲ. ಕಿರಣ ಪ್ರಶ್ನೆಗಳನ್ನೆಲ್ಲ ಕೇಳಿ ಕೊನೆಯದಕ್ಕೆ ಬಂದ.

“ಯಾರ ಒತ್ತಾಯಕ್ಕಾದರೂ ಬಂದಿದ್ದೀರಾ ಅಮ್ಮಾ? ಹಾಗಿದ್ದರೆ ಹಿಂದೆ ದಾರಿ ಖಾಲಿ ಇದೆ.”

“ಇಲ್ಲಪ್ಪ” ಎಂದಳು ವಿಮಲ, ದಡದವರೆಗೂ ಕೇಳುವಂತೆ. “ಇಷ್ಟು ವರ್ಷ ಒಂದ ಮನ್ಯಾಗ ಇದ್ವಿ. ಒಂದ ದಿವಸಾನೂ ಅವರು ಕೇಳಲಿಲ್ಲ.”

ಮುಳುಗಿ ಎದ್ದು ದಡಕ್ಕೆ ಬಂದು ಕೈ ಚಾಚಿದಳು. ಟವೆಲ್ ಕೊಟ್ಟೆ. ಅವಳು ಮುಖಕ್ಕೆ ಒತ್ತಿಕೊಂಡು ನೋಡಿ, “ಇದೇನ್ರೀ, ಆಗ್ಲೇ ಹಸಿ ಮಾಡೀರಿ” ಎಂದಳು.